ಮೊಹರಿನ ಅಂಗಡಿಗೆ ಹತ್ತು ಮಂದಿ ಅಪರಿಚಿತರು

ಜನವರಿ ೯

ಅಕ್ಕಾ,

ಈ ಕಾಗದವನ್ನು ಕುಳಿತು ಓದು, ನಿಂತು ಓದುವಂಥದ್ದಲ್ಲ. ಐವತ್ತಮೂರು ವರ್ಷ ಮರ್ಯಾದೆಯಿಂದ ಬಾಳಿದ ನಾನು ಅಂಚೆಯನ್ನೂ ಅಂತಃಸಾಕ್ಷಿಯನ್ನೂ ಏಕಕಾಲಕ್ಕೆ ವಂಚಿಸಿ ಒಂದು ಅಪರಾಧ ಎಸಗಿದ್ದೇನೆ. ಈ ಕೈಗೆ ಶಾಯಿ ಹತ್ತಿದ್ದು ಹೊಸದಲ್ಲ, ಕಳಂಕ ಹತ್ತಿದ್ದು ಇದೇ ಮೊದಲು. ದರ್ಜಿಗೆ ಕೊಡು ಎಂದು ನೀನು ನನ್ನ ಕಾಗದದೊಳಗೆ ಮಡಚಿಟ್ಟು ಕಳಿಸಿದೆಯಲ್ಲ, 'ನಮ್ಮ ಅಂಗಡಿಯ ಕೋಣೆ ನಿಮಗೇ ಬಿಟ್ಟುಕೊಡುತ್ತೇವೆ, ಹೊಲಿಗೆ ಯಂತ್ರ ತಂದಿಟ್ಟುಕೊಳ್ಳಿ' ಎಂಬ ಪತ್ರ, ಅದು ಅವನಿಗೆ ತಲುಪಿಲ್ಲ. ಮೂರು ವಾರದಿಂದ ನನ್ನ ಮೇಜಿನ ಡ್ರಾಯರಿನಲ್ಲಿ, ಒಣಗಿದ ಇಂಕ್ ಪ್ಯಾಡುಗಳ ಅಡಿಯಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದೆ.

ತಪ್ಪೊಪ್ಪಿಗೆ ಮುಗಿಯಿತು, ಈಗ ಅಹವಾಲು. ಅಂಗಡಿ ಅರ್ಧ ನಿನ್ನದು, ಅರ್ಧ ನನ್ನದು. ಮುಚ್ಚು ಎನ್ನುವ ಅರ್ಧಕ್ಕೂ ಬೇಡ ಎನ್ನುವ ಅರ್ಧಕ್ಕೂ ತೂಕ ಒಂದೇ. ಗಿರಾಕಿಗಳು ಬರುತ್ತಿಲ್ಲ, ನಿಜ. ಕಚೇರಿಗಳಿಗೆ ರಬ್ಬರ್ ಸ್ಟಾಂಪು ಬೇಡವಾಗಿದೆ. ಬಹುಶಃ ಒಳಗೆ ಕುಳಿತವರೇ ಆ ಕೆಲಸ ಮಾಡುತ್ತಿದ್ದಾರೆ. ಆದರೆ ಗಿರಾಕಿ ಅಂಗಡಿಗೆ ಬರದಿದ್ದರೆ ಅಂಗಡಿಯೇ ಗಿರಾಕಿಯ ಮನೆಗೆ ಹೋಗುವ ದಾರಿಯೊಂದಿದೆಯಂತೆ. ನಮ್ಮ ಬೀದಿಯ ಗ್ರಂಥಾಲಯದ ಮಹಡಿಯಲ್ಲಿ ವೆಬ್‌ಸೈಟ್ ಕಟ್ಟುವುದನ್ನು ಕಲಿಸುತ್ತಾರೆ, ವಾರಕ್ಕೆ ಮೂರು ಸಂಜೆ. ಹೋದ ವಾರ ಸೇರಿಕೊಂಡೆ. ಅಕ್ಕಾ, ಮೊದಲ ದಿನವೇ ಒಂದು ಪುಟ ಮಾಡಿಬಿಟ್ಟೆ! ಅದರಲ್ಲಿ 'ನಮಸ್ಕಾರ' ಎಂದಷ್ಟೇ ಇತ್ತು. ಆದರೆ ಆ ನಮಸ್ಕಾರ ಇಡೀ ಲೋಕಕ್ಕೆ. ಎದುರುಮನೆಯವರಿಗೇ ಇಷ್ಟು ವರ್ಷ ಸರಿಯಾಗಿ ನಮಸ್ಕಾರ ಹೇಳದವನು ನಾನು!

ಆರು ತಿಂಗಳು ಕೊಡು. ನಾನು ಒತ್ತಾಯ ಮಾಡುವುದಿಲ್ಲ. ಒತ್ತುವುದು ಕಸುಬಾದ್ದರಿಂದ ಸ್ವಲ್ಪ ಒತ್ತಿ ಹೇಳುತ್ತೇನೆ, ಅಷ್ಟೆ.

ಶಾಯಿ ಮೆತ್ತಿದ ಕೈಗಳಿಂದ,
ನಿನ್ನ ತಮ್ಮ

*

ಜನವರಿ ೨೧

ತಮ್ಮಾ,

ನಿನ್ನ ತಪ್ಪೊಪ್ಪಿಗೆಯಲ್ಲಿ ಮೂರು ಕಾಗುಣಿತದ ತಪ್ಪುಗಳಿವೆ. ಅಪರಾಧಕ್ಕಿಂತ ಅವೇ ನನ್ನನ್ನು ಹೆಚ್ಚು ನೋಯಿಸಿದವು. ಕೆಂಪು ಶಾಯಿಯಲ್ಲಿ ಗುರುತು ಹಾಕಿ ಇದರ ಜೊತೆ ವಾಪಸ್ಸು ಕಳಿಸಿದ್ದೇನೆ. ಫೋನ್ ಮಾಡಬೇಡ. ಫೋನಿನಲ್ಲಿ ನೀನು ಮಾತು ಹಾರಿಸುತ್ತೀಯ; ಕಾಗದದಲ್ಲಾದರೆ ಹಾರಿದ ಮಾತು ಎಲ್ಲಿ ಹೋಗಿ ಕೂತಿತೆಂದು ನನಗೆ ಕಾಣುತ್ತದೆ.

ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ಇಡೀ ದಿನ ಬಾಗಿಲು ತೆಗೆದು ಕೂತು, ವಾರಕ್ಕೆ ಇಬ್ಬರ ಮುಖ ನೋಡಿ, ಒಬ್ಬನೇ ಅನ್ನ ಬೇಯಿಸಿಕೊಂಡು ಉಣ್ಣುವವನ ಲೆಕ್ಕ ನನಗೆ ಹಿಡಿಸುವುದಿಲ್ಲ. ಆ ಕಡೆ ಪಾಪ, ದರ್ಜಿ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಾನೆ. ನಮ್ಮ ಕೋಣೆಗೆ ಎರಡು ಕಿಟಕಿ.

ಆದರೂ ಕೊಟ್ಟೆ, ಆರು ತಿಂಗಳು. ಜೂನ್ ಮೂವತ್ತರೊಳಗೆ ನಿನ್ನ ಆ ಜಾಲದ ಮೂಲಕ ಹತ್ತು ಮಂದಿ ಮೊಹರು ಕೊಳ್ಳಬೇಕು. ಹತ್ತೂ ಮಂದಿ ಅಪರಿಚಿತರಾಗಿರಬೇಕು. ಚಿಕ್ಕಪ್ಪನ ಮಗ, ಸೋದರತ್ತೆಯ ಮೊಮ್ಮಗಳು, ನಿನ್ನ ಜೊತೆ ಓದಿದವರು, ಯಾರೂ ಲೆಕ್ಕಕ್ಕಿಲ್ಲ. ಒಂಬತ್ತಾದರೂ ಕೋಣೆ ದರ್ಜಿಗೆ.

ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯೋ ಇಲ್ಲವೋ ಬರೆದೇ ಇಲ್ಲ.

ಅಕ್ಕ

*

ಫೆಬ್ರವರಿ ೧೬

ಅಕ್ಕಾ,

ಊಟ ಮಾಡುತ್ತಿದ್ದೇನೆ, ಆದರೆ ಏನು ಉಂಡೆ ಎಂದು ಕೇಳಿದರೆ ನೆನಪಿಲ್ಲ. ತಲೆಯೆಲ್ಲ ಟ್ಯಾಗು!

ಪಾಠ ಹೇಳುವ ಹುಡುಗಿಗೆ ನಾನು ಟ್ಯಾಗಮ್ಮ ಎಂದು ಹೆಸರಿಟ್ಟಿದ್ದೇನೆ. ಟ್ಯಾಗ್ ಎಂದರೆ ಮಾತಿನ ಹಿಂದೆ ಮುಂದೆ ಇಡುವ ಗುರುತು. ಇಲ್ಲಿಂದ ಶೀರ್ಷಿಕೆ ಶುರು, ಇಲ್ಲಿಗೆ ಮುಗಿಯಿತು. ಇಲ್ಲಿಂದ ದಪ್ಪಕ್ಷರ, ಇಲ್ಲಿಗೆ ಸಾಕು. 'ಸಾಕು' ಎನ್ನುವುದನ್ನು ಮರೆತರೆ ಪುಟದ ಕೊನೆಯವರೆಗೂ ದಪ್ಪ. ಮೊನ್ನೆ ನನ್ನದು ಹಾಗೇ ಆಯಿತು. ಟ್ಯಾಗಮ್ಮ ಬಗ್ಗಿ ನೋಡಿ, "ಏನ್ ಸರ್, ನಿಮ್ಮ ಪುಟ ಕೂಗಾಡ್ತಿದೆ?" ಎಂದಳು. "ವಂಶದ ಗುಣ ಕಣಮ್ಮ, ನಮ್ಮಕ್ಕ ಮೇಡಂ ಆಗಿದ್ರು" ಎಂದೆ. ಕ್ಷಮಿಸು.

ಸರ್ವರ್ ಎಂದರೆ ತಟ್ಟೆ ತಂದಿಡುವವನು ಎಂದುಕೊಂಡಿದ್ದೆ. ಇಲ್ಲಿಯ ಸರ್ವರ್ ಎಲ್ಲೋ ದೂರದಲ್ಲಿದ್ದು ಕೇಳಿದವರಿಗೆಲ್ಲ ಪುಟ ಬಡಿಸುವ ಯಂತ್ರ. ಸರ್ವರಿಗೂ ಕೊಡುವುದರಿಂದ ಸರ್ವರ್. ಕೊಂಡಿ ಎಂದರೆ ಚೇಳಿನದ್ದು ಎಂದುಕೊಂಡಿದ್ದೆ. ಇಲ್ಲಿಯ ಕೊಂಡಿ ಕುಟುಕುವುದಿಲ್ಲ, ಒತ್ತಿದರೆ ಕೈ ಹಿಡಿದು ಇನ್ನೊಂದು ಪುಟಕ್ಕೆ ಕರೆದೊಯ್ಯುತ್ತದೆ. 'ಕೊಂಡಿ ಇದ್ದರೆ ತಾನೇ ಕೊಂಡಾರು!' ಎಂದು ನಾನು ತರಗತಿಯಲ್ಲಿ ಅಂದದ್ದನ್ನು ಟ್ಯಾಗಮ್ಮ ಹಲಗೆಯ ಮೇಲೆ ಬರೆದಳು. ನನ್ನ ಮಾತು ಹಲಗೆ ಹತ್ತಿದ್ದು ಇದೇ ಮೊದಲು. ಶಾಲೆಯಲ್ಲಿ ನಾನೇ ಬೆಂಚು ಹತ್ತುತ್ತಿದ್ದೆ.

ಇನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಊಹಿಸು. ದರ್ಜಿ! ಅವನಿಗೂ ಜಾಲತಾಣ ಬೇಕಂತೆ. ನಾನು ಡ್ರಾಯರಿನ ಕೈದಿಯನ್ನು ನೆನೆದು ಬೆವರುತ್ತಿರುತ್ತೇನೆ, ಅವನು ಪಾಠಕ್ಕೆ ಬೆವರುತ್ತಿದ್ದೇನೆ ಎಂದುಕೊಳ್ಳುತ್ತಾನೆ.

"ಇಷ್ಟಕ್ಕೆಲ್ಲ ಯಾಕ್ ಯಜಮಾನ್ರೇ ಗಾಬರಿ? ಚೌಕದ ಒಳಗೆ ಬಿಡೋ ಸಡಿಲ ಪ್ಯಾಡಿಂಗು, ಹೊರಗೆ ಬಿಡೋ ಸಡಿಲ ಮಾರ್ಜಿನ್ನು. ಅಂಗಿ ಹೊಲಿಯೋವ್ನಿಗೆ ಇದೇನು ಹೊಸದಾ?"

ಹೀಗೆಂದು ನನ್ನ ಕೀಲಿಮಣೆಯ ಮೇಲೂ ಆಗಾಗ ಕೈ ಹಾಕುತ್ತಾನೆ. ಚಟ. ಒಳ್ಳೆಯವನು, ಅದೇ ಕಷ್ಟ.

ನಿನ್ನ ವಿದ್ಯಾರ್ಥಿ ತಮ್ಮ

*

ಮಾರ್ಚ್ ೨೮

ಅಕ್ಕಾ, ಅಕ್ಕಾ, ಅಕ್ಕಾ!

ಅಂಗಡಿ ತೆರೆಯಿತು! ಬಾಗಿಲಿಲ್ಲದ ಅಂಗಡಿಗೆ ತೆರೆಯುವುದೇನು ಎಂದು ಕೇಳಬೇಡ. ವಿಳಾಸವನ್ನು ಬೇರೆ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದಿಟ್ಟಿದ್ದೇನೆ, ಯಾರ ಮನೆಯ ಕಂಪ್ಯೂಟರಿನಲ್ಲಾದರೂ ನೋಡು. ಮೇಲೆ ನಮ್ಮ ಹಲಗೆ, ಕೆಳಗೆ ಮೊಹರು ತಯಾರಾಗುವ ಬಗೆಯ ವಿವರಣೆ, ಅದರ ಕೆಳಗೆ ನಲವತ್ತು ಮೊಹರುಗಳ ಚಿತ್ರ, ಒಂದೊಂದಕ್ಕೂ ಒಂದು ಸಂಖ್ಯೆ. ಬೇಕಾದವರು ಸಂಖ್ಯೆ ಒತ್ತಿ, ಹೆಸರು ವಿಳಾಸ ತುಂಬಿ ಕಳಿಸಿದರೆ ನನಗೆ ಸುದ್ದಿ. ಪುಟದಲ್ಲಿರುವ ಮಾತನ್ನು ಹೊರದೇಶದವರ ಭಾಷೆಗೆ ಯಂತ್ರವೇ ತಿರುಗಿಸಿಕೊಡುತ್ತದೆ. ಚಿತ್ರದೊಳಗಿನ ಅಕ್ಷರವನ್ನು ಮಾತ್ರ ಅದು ತಿರುಗಿಸಲಾರದು.

ಒಂದೊಂದು ಟ್ಯಾಗೂ ಸ್ವಂತ ಕೈಬರಹ, ಅಕ್ಕಾ. ಯಾರ ಹಂಗೂ ಇಲ್ಲ. ತರಗತಿಯ ಕೊನೆಯ ದಿನ ಚಿತ್ರಗಳಿನ್ನೂ ಸೇರಿರಲಿಲ್ಲ, ಅವುಗಳ ಜಾಗದಲ್ಲಿ ಬೂದು ಚೌಕಗಳಿದ್ದವು. ಆದರೂ ಟ್ಯಾಗಮ್ಮ, "ಇಡೀ ತರಗತಿಗೇ ಇದು ಅಚ್ಚುಕಟ್ಟು" ಎಂದಳು. ಅಚ್ಚು ಕಟ್ಟುವವನ ಕೆಲಸ ಅಚ್ಚುಕಟ್ಟಾಗದೆ ಇನ್ನೇನು! ಅವಳು ಮಾರನೆಯ ದಿನವೇ ಇನ್ನೊಂದು ಊರಿನ ಗ್ರಂಥಾಲಯಕ್ಕೆ ಹೊರಟುಹೋದಳು. ದರ್ಜಿಯೂ ಶಾಲೆಯ ಸಮವಸ್ತ್ರಗಳ ರಾಶಿಯಲ್ಲಿ ಮುಳುಗಿದ. ಹಾಗಾಗಿ ಚಿತ್ರಗಳನ್ನು ನಾನೊಬ್ಬನೇ ಕೂತು ತೆಗೆದು ಏರಿಸಿದೆ. ಕಿಟಕಿಯ ಬೆಳಕಿನಲ್ಲಿ ಮೊಹರುಗಳನ್ನು ಅಂಗಾತ ಮಲಗಿಸಿ, ರಬ್ಬರಿನ ಮುಖಕ್ಕೆ ಒಂದಿಷ್ಟು ಶಾಯಿ ಸವರಿ, ಎರಡೆರಡು ಸಲ ಕ್ಲಿಕ್ಕಿಸಿದೆ. ಅಪ್ಪನ ಕಾಲದಿಂದ ಉಳಿದ ಮಾದರಿಗಳೆಲ್ಲ ಮೆರವಣಿಗೆ ಹೊರಟಿವೆ: 'ನಕಲು', 'ಅವಧಿ ಮುಗಿದಿದೆ', 'ತಿರಸ್ಕರಿಸಲಾಗಿದೆ', 'ಮೇಲಧಿಕಾರಿಗಳ ಅವಗಾಹನೆಗೆ'. ಕಾಗುಣಿತವನ್ನು ಮೂರು ಸಲ ನೋಡಿದ್ದೇನೆ. ನಿನ್ನ ಕೆಂಪು ಶಾಯಿಗೆ ಕೆಲಸವಿಲ್ಲ.

ಲೋಕಪ್ರಸಿದ್ಧಿಯ ಹೊಸ್ತಿಲಲ್ಲಿ ನಿಂತ
ನಿನ್ನ ತಮ್ಮ

*

ಏಪ್ರಿಲ್ ೧೪

ತಮ್ಮಾ,

ಪಕ್ಕದ ಮನೆಯ ನರ್ಸಮ್ಮನ ಕಂಪ್ಯೂಟರಿನಲ್ಲಿ ನೋಡಿದೆ. ಮೆಚ್ಚಬಾರದೆಂದೇ ಕನ್ನಡಕ ಹಾಕಿಕೊಂಡು ಕೂತೆ. ಏನು ಹೇಳಲಿ, ಚೆನ್ನಾಗಿದೆ ಕಣೋ! ನಲವತ್ತು ಚಿತ್ರಗಳಲ್ಲಿ ಒಂದು ತಪ್ಪೂ ಸಿಗಲಿಲ್ಲ, ಇಪ್ಪತ್ತೆರಡನೆಯದರಲ್ಲಿ ಒಂದು ಒತ್ತಕ್ಷರ ಸವೆದಿರುವುದು ಬಿಟ್ಟರೆ. 'ಅವಗಾಹನೆಗೆ' ನಾನು ಹನ್ನೆರಡನೆಯ ವಯಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದ್ದು, ನೆನಪಿದೆಯಾ? ಮಿಕ್ಕ ಮಕ್ಕಳು ಪುಸ್ತಕ ನೋಡಿ ಅಕ್ಷರ ಕಲಿತರೆ ಅಪ್ಪ ನಮ್ಮಿಬ್ಬರಿಗೆ ಕಲಿಸಿದ್ದು ಅಚ್ಚುಮೊಳೆ ತೋರಿಸಿಯೇ. ಅಲ್ಲೇ ಕೂತು ಮೂರು ಸಲ ಓದಿಕೊಂಡೆ.

ನರ್ಸಮ್ಮ ಮಾತ್ರ ಕತ್ತು ವಾರೆ ಮಾಡಿ, "ಇದು ಯಾವ ಭಾಷೆ ಆಂಟಿ?" ಎಂದಳು. ಈಗಿನವರಿಗೆ ಸೊಗಸಾದ ಅಕ್ಷರ ಕಣ್ಣಿಗೇ ಹತ್ತುವುದಿಲ್ಲ. ಡಾಕ್ಟರರ ಕೈಬರಹ ಓದಿ ಓದಿ ಹಾಗಾಗಿದೆ, ಪಾಪ.

ಎಷ್ಟು ಮಂದಿ ಕೊಂಡರು? ಅದನ್ನು ಬರೆದಿಲ್ಲ ನೀನು. ಮಾತು ಹಾರಿ ಕೂತ ಜಾಗ ಕಾಣುತ್ತಿದೆ.

ಅಕ್ಕ

*

ಮೇ ೧೯

ಅಕ್ಕಾ,

ಒಂಬತ್ತು!

ಏಪ್ರಿಲ್ ಪೂರ್ತಿ ಸೊನ್ನೆ, ಅದಕ್ಕೇ ಬರೆಯಲಿಲ್ಲ. ಮೇ ಮೊದಲ ವಾರ ಕಡಲಾಚೆಯಿಂದ ಒಬ್ಬ ಹೆಂಗಸು ಏಳನೆಯ ಸಂಖ್ಯೆ ಕೇಳಿದಳು. ಮಣ್ಣಿನ ಬಟ್ಟಲು ಮಾಡುವವಳಂತೆ, ಹಸಿ ಮಣ್ಣಿಗೆ ಒತ್ತಲು ಬೇಕಂತೆ. 'ಇಂಥ ಲಿಪಿ ನಾನು ಎಲ್ಲೂ ಕಂಡಿಲ್ಲ' ಎಂದು ಬರೆದಿದ್ದಾಳೆ. ಅವಳು ತನ್ನ ತಾಣದಲ್ಲಿ ನಮ್ಮ ಕೊಂಡಿ ಹಾಕಿದಳು ನೋಡು, ಬಂದವು ಒಂದರ ಹಿಂದೊಂದು! ಪರದೆ ಬಟ್ಟೆಗೆ ಅಚ್ಚು ಹಾಕುವವನು ಒಬ್ಬ. ಪುಸ್ತಕ ಕಟ್ಟುವವನು ಒಬ್ಬ. ಮದುವೆ ಕರೆಯೋಲೆಯ ಅಂಚಿಗೆ ಒತ್ತಬೇಕೆಂದು ಒಂದು ಜೋಡಿ ಹದಿಮೂರನೆಯದನ್ನು ಕೇಳಿದೆ. ಒಂಬತ್ತೂ ಮಂದಿ ಒಂಬತ್ತು ದಿಕ್ಕಿನ ಅಪರಿಚಿತರು. ಅವರ ಊರಿನ ಹೆಸರನ್ನು ನನ್ನ ಬಾಯಲ್ಲಿ ಹೇಳಿಸಿದರೆ ಅವರಿಗೇ ಅಪರಿಚಿತವಾಗುತ್ತದೆ.

ಅಂಚೆ ಕಚೇರಿಯವಳು, "ಏನ್ ಸರ್, ದಿನಾ ಪಾರ್ಸೆಲ್ಲು? ಲೋಕನೇ ಗೆದ್ದಂಗಿದೆ" ಎಂದಳು. "ಇಲ್ಲಮ್ಮ, ಒಂದಿನ್ನೂ ಬಾಕಿ" ಎಂದೆ. ಅಪ್ಪ ಕೊರೆದ ಅಕ್ಷರದ ಅಂದವನ್ನು ಗುರುತಿಸಲು ಸಮುದ್ರ ದಾಟಬೇಕಾಯಿತು ನೋಡು. ಅಂದವೂ ನಮ್ಮದೇ, ತಂತ್ರವೂ ನಮ್ಮದೇ. ನನ್ನನ್ನು ಇನ್ನು ಮೇಲೆ ಜಾಲಶಿಲ್ಪಿ ಎಂದು ಕರೆದರೆ ಬೇಡವೆನ್ನುವುದಿಲ್ಲ.

ಜಾಲಶಿಲ್ಪಿ
(ನಿನ್ನ ತಮ್ಮ)

*

ಮೇ ೩೦

ತಮ್ಮಾ,

ಸಂತೋಷ. ನಿಜವಾಗಿಯೂ. ಇನ್ನೊಂದು ಬಂದೇ ಬರುತ್ತದೆ, ನಾನು ಸೋತ ಹಾಗೇ. ಇಲ್ಲಿ ನನ್ನ ಮನೆಯ ಮಹಡಿಯ ಕೋಣೆಗೆ ಬಣ್ಣ ಬಳಿಯಲು ಒಬ್ಬನಿಗೆ ಹೇಳಿದ್ದೆ, ಬೇಡವೆಂದೆ. ಹಾಗೇ ಇರಲಿ. ಯಾರಿಗೆ ಅಂತ ಕೇಳಬೇಡ, ಸುಮ್ಮನೆ ಹೇಳಿದ್ದೆ.

ಒಂದು ಲೆಕ್ಕ ಮಾತ್ರ ಕೂಡಿಬರುತ್ತಿಲ್ಲ. ಒಂಬತ್ತೂ ಮಂದಿ ನಮ್ಮ ಅಕ್ಷರ ಓದಲು ಬಾರದವರು. ಓದಲು ಬರುವವರು ಒಬ್ಬರೂ ಯಾಕೆ ಕೊಳ್ಳಲಿಲ್ಲ?

ಅಕ್ಕ

*

ಜೂನ್ ೧೭

ಅಕ್ಕಾ,

ನಿನ್ನ ಲೆಕ್ಕಕ್ಕೆ ಉತ್ತರ ಸಿಕ್ಕಿದೆ. ಕೈಯಲ್ಲಿ ನೀರಿನ ಲೋಟವಿದ್ದರೆ ಕೆಳಗಿಡು.

ಮೊನ್ನೆ ಆ ಮದುವೆ ಗಂಡಿನಿಂದ ದೂರು ಬಂತು. 'ಚಿತ್ರದಲ್ಲಿ ಬಾಲಗಳೆಲ್ಲ ಎಡಕ್ಕಿವೆ. ನೀವು ಕಳಿಸಿದ್ದನ್ನು ಒತ್ತಿದರೆ ಬಲಕ್ಕೆ ಬೀಳುತ್ತಿವೆ. ನಿಮ್ಮ ಮೊಹರು ಉಲ್ಟಾ ಇದೆ.' ನನಗೆ ರೇಗಿಹೋಯಿತು. ಮೂರು ತಲೆಮಾರಿನ ಕಸುಬಿಗೆ ಉಲ್ಟಾ ಎನ್ನುವುದೇ! ಲ್ಯಾಪ್‌ಟಾಪ್ ಎತ್ತಿಕೊಂಡು ಸೀದಾ ದರ್ಜಿಯ ಮೆಟ್ಟಿಲಡಿಗೆ ಹೋದೆ, ನ್ಯಾಯ ಹೇಳಿಸಲು. ಚಿತ್ರ ಏರಿದ ಮೇಲೆ ಅವನು ತಾಣ ನೋಡಿದ್ದು ಅದೇ ಮೊದಲು.

"ಯಜಮಾನ್ರೇ, ಅಕ್ಷರ ಎಲ್ಲ ಯಾಕೆ ಬೆನ್ನು ತಿರುಗಿಸ್ಕೊಂಡು ಕೂತಿವೆ?"

"ಎಲ್ಲಿ? ಸರಿಯಾಗೇ ಇದೆಯಲ್ಲಪ್ಪ. ತಿ-ರ-ಸ್ಕ-ರಿ-ಸ-ಲಾ-ಗಿ-ದೆ."

"ಸರಿ ನಿಮ್ಮ ಕಣ್ಣಿಗೆ. ಮಿಕ್ಕೋರ ಕಣ್ಣಿಗೆ?"

ಗಿರಾಕಿಗಳು ಅಂಗಿ ತೊಟ್ಟು ನೋಡಿಕೊಳ್ಳುವ ಕನ್ನಡಿಯನ್ನು ಗೋಡೆಯಿಂದ ಇಳಿಸಿ ಪರದೆಗೆ ಎದುರಾಗಿ ಹಿಡಿದ. ಕನ್ನಡಿಯಲ್ಲಿ ನಲವತ್ತೂ ಮೊಹರುಗಳು ಎಲ್ಲರೂ ಓದುವ ಹಾಗೆ ನೆಟ್ಟಗೆ ನಿಂತಿದ್ದವು.

ಅಕ್ಕಾ, ನಾನು ಕಾಗದದ ಮೇಲೆ ಬಿದ್ದ ಅಚ್ಚಿನ ಚಿತ್ರ ತೆಗೆಯಲಿಲ್ಲ. ರಬ್ಬರಿನ ಮುಖದ ಚಿತ್ರ ತೆಗೆದೆ! ಅಚ್ಚುಮೊಳೆಯ ಹಾಗೆ ಅಲ್ಲೂ ಅಕ್ಷರ ತಿರುಗುಮುರುಗಾಗಿಯೇ ಇರುತ್ತದೆ. ಹುಟ್ಟಿದಾಗಿನಿಂದ ಹಾಗೇ ಓದಿದ ನನಗೆ ತಿಳಿಯಲಿಲ್ಲ. ಮೂರು ಸಲ ಓದಿದ ನಿನಗೂ ತಿಳಿಯಲಿಲ್ಲ! ನರ್ಸಮ್ಮನ ಕಾಲಿಗೆ ನಮ್ಮಿಬ್ಬರ ಪರವಾಗಿ ಬೀಳು. ನಮ್ಮ ಜನ ತಾಣಕ್ಕೆ ಬಂದು, ಏನೋ ಕೆಟ್ಟಿದೆ ಎಂದು ತಿರುಗಿ ನೋಡದೆ ಹೋದರು. ಕಡಲಾಚೆಯವರು, ಎಂಥ ಗೂಢ ಲಿಪಿ ಎಂದು ಮುಗಿಬಿದ್ದರು.

ಅವರೇನು ಕೊಂಡರೆಂದು ಹೇಳಲಾ? ಬಟ್ಟಲಿನವಳ ಇಪ್ಪತ್ತು ಬಟ್ಟಲುಗಳ ಮೇಲೆ 'ಅವಧಿ ಮುಗಿದಿದೆ'. ಯಾರದೋ ಮನೆಯ ಪರದೆಯ ಉದ್ದಕ್ಕೂ 'ಮೇಲಧಿಕಾರಿಗಳ ಅವಗಾಹನೆಗೆ'. ಮದುವೆಯ ಕರೆಯೋಲೆಯ ನಾಲ್ಕೂ ಅಂಚಿಗೆ 'ತಿರಸ್ಕರಿಸಲಾಗಿದೆ'.

ಒಂಬತ್ತೂ ಮಂದಿಗೆ ಅರ್ಥ ಬಿಡಿಸಿ ಬರೆದಿದ್ದೇನೆ. ಬೇಡವಾದರೆ ಹಿಂದಿರುಗಿಸಿ ಎಂದಿದ್ದೇನೆ. ಎಷ್ಟು ಉಳಿಯುತ್ತದೋ ಗೊತ್ತಿಲ್ಲ.

ಇನ್ನೊಂದು ವಿಷಯ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲಾಗಲಿಲ್ಲ. ಅಂಗಡಿಗೆ ಹೋಗಿ ಡ್ರಾಯರಿನ ಕೈದಿಯನ್ನು ಬಿಡಿಸಿ ತಂದು ದರ್ಜಿಯ ಕೈಗಿಟ್ಟೆ. ನಮ್ಮ ಷರತ್ತನ್ನೂ ಹೇಳಿದೆ. ಅವನು ನಿನ್ನ ಪತ್ರ ಓದಿದ, ತಾರೀಖು ನೋಡಿದ, ನನ್ನನ್ನು ನೋಡಿದ, ಲ್ಯಾಪ್‌ಟಾಪ್ ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕುಸಿದು, ಕೊರಳಲ್ಲಿದ್ದ ಟೇಪು ಜಾರಿಬೀಳುವವರೆಗೂ ನಕ್ಕ. ಕೊನೆಗೆ ಕಣ್ಣೊರೆಸಿಕೊಂಡು, "ಮೂವತ್ತನೇ ತಾರೀಖಿನವರೆಗೂ ನಾನೂ ಕಾಯ್ತೀನಿ ಯಜಮಾನ್ರೇ. ಮೊದಲು ಚಿತ್ರ ಸರಿ ಮಾಡಿ" ಎಂದ.

ತಿರುಗುಮುರುಗು
ತಮ್ಮ

*

ಜೂನ್ ೨೪

ತಮ್ಮಾ,

ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ನರ್ಸಮ್ಮನನ್ನು ಕರೆದು ಹೇಳಿದೆ, ಅವಳು ಆಸ್ಪತ್ರೆಗೆಲ್ಲ ಹೇಳಿದಳು. ನಿನ್ನ ತಾಣಕ್ಕೆ ಬಂದವರ ಸಂಖ್ಯೆ ಒಮ್ಮೆಲೇ ಏರಿದ್ದರೆ ಅವರೇ, ಕೀರ್ತಿ ಎಂದುಕೊಳ್ಳಬೇಡ.

ಆದರೆ ಕೇಳು. ನನಗೂ ಈಗ ಹುಚ್ಚು ಹತ್ತಿದೆ! ಮೂವತ್ತು ವರ್ಷ ಮಕ್ಕಳಿಗೆ ಬಿಡಿಸಿಕೊಟ್ಟ ಲೆಕ್ಕಗಳು ಹದಿನಾಲ್ಕು ನೋಟ್‌ಬುಕ್ಕುಗಳಲ್ಲಿವೆ. ಅವನ್ನೆಲ್ಲ ಜಾಲಕ್ಕೆ ಹಾಕಿದರೆ ಯಾವ ಮೂಲೆಯ ಮಗುವಾದರೂ ನೋಡಬಹುದಲ್ಲ! ಇದನ್ನು ಪಾರ್ಕಿನ ಬೆಂಚಿನಲ್ಲಿ ಹೇಳಿದ್ದೇ ತಪ್ಪಾಯಿತು. ಬ್ರೆಡ್ಡು ಮಾಡುವಾಕೆ, ಗಡಿಯಾರ ರಿಪೇರಿಯವರು, ನರ್ಸಮ್ಮ, ಎಲ್ಲರಿಗೂ ತಾಣ ಬೇಕಂತೆ. ನನ್ನ ತಮ್ಮ ಒಂದೊಂದು ಟ್ಯಾಗನ್ನೂ ಸ್ವಂತ ಕೈಯಲ್ಲಿ ಬರೆದವನು, ಅವನೇ ಬಂದು ಕಲಿಸುತ್ತಾನೆ ಎಂದುಬಿಟ್ಟೆ. ಹನ್ನೊಂದು ಮಂದಿ ಹೆಸರು ಕೊಟ್ಟಿದ್ದಾರೆ. ಜುಲೈ ಹದಿನೈದಕ್ಕೆ ಮೊದಲ ಪಾಠ. ಹಲಗೆ ತಂದಾಗಿದೆ.

ಗೆದ್ದರೂ ಸೋತರೂ ಹದಿನೈದಕ್ಕೆ ಬಾ. ಎರಡು ದಿನ ಇದ್ದು ಹೋಗು.

ಅಕ್ಕ

*

ಜುಲೈ ೧

ಅಕ್ಕಾ,

ಗೆದ್ದೆ!

ಒಂಬತ್ತರಲ್ಲಿ ಒಂದೂ ವಾಪಸ್ಸು ಬರಲಿಲ್ಲ. ಬಟ್ಟಲಿನವಳು, ಅರ್ಥ ತಿಳಿದ ಮೇಲೆ ಬಟ್ಟಲು ಇನ್ನೂ ಜೋರಾಗಿ ಹೋಗುತ್ತಿವೆ ಎಂದಿದ್ದಾಳೆ. ಮದುವೆ ಹೆಣ್ಣು ಬರೆದಿದ್ದಾಳೆ: 'ಇವನನ್ನು ನಾನು ಎರಡು ಸಲ ತಿರಸ್ಕರಿಸಿಯೇ ಒಪ್ಪಿದ್ದು. ಇದಕ್ಕಿಂತ ಸರಿಯಾದ ಕರೆಯೋಲೆ ಇಲ್ಲ.' ಚಿತ್ರಗಳನ್ನು ಸರಿಮಾಡಿ ಹಾಕಿದ ನಾಲ್ಕನೆಯ ದಿನ, ಜೂನ್ ಇಪ್ಪತ್ತೊಂಬತ್ತಕ್ಕೆ, ಹತ್ತನೆಯದು ಬಂತು. ನಮ್ಮದೇ ಊರಿನ, ಎರಡು ಬೀದಿ ಆಚೆಯ ಔಷಧಿ ಅಂಗಡಿಯವಳು! ಅಕ್ಷರ ಓದಬಲ್ಲ ಅಪರಿಚಿತೆ!

ನಿನ್ನೆ ಆ ಹತ್ತು ಹೆಸರುಗಳನ್ನು ಮುಂದಿಟ್ಟುಕೊಂಡು ಅಂಗಡಿಯಲ್ಲಿ ಕೂತಿದ್ದೆ. ಹತ್ತರಲ್ಲಿ ಒಬ್ಬರೂ ಈ ಹೊ‌ಸ್ತಿಲು ತುಳಿದಿಲ್ಲ. ಅವರು ಬರುವ ಅಂಗಡಿ ಇದಲ್ಲವೇ ಅಲ್ಲ. ಅದಕ್ಕೆ ಬೇಕಾದ್ದು ಒಂದು ಮೇಜು, ಒತ್ತುಯಂತ್ರ, ಹತ್ತಿರದಲ್ಲೊಂದು ಅಂಚೆ ಕಚೇರಿ. ಎರಡು ಕಿಟಕಿ ಬೇಕಾದ್ದು ಸೂಜಿಗೆ ದಾರ ಪೋಣಿಸುವವನಿಗೆ. ಕೋಣೆಯ ಬೀಗದ ಕೈಯನ್ನು ಇವತ್ತು ಬೆಳಿಗ್ಗೆ ಅವನಿಗೆ ಕೊಟ್ಟೆ. ಗೆದ್ದವನಾದ್ದರಿಂದ ಷರತ್ತು ನನ್ನದು: ಮಹಡಿಯ ಕೋಣೆಗೆ ಬಣ್ಣ ಬಳಿಸು. ತಿಳಿನೀಲಿ ಆಗಬಹುದು. ಎರಡು ದಿನಕ್ಕಲ್ಲ ಬರುವುದು.

ಇನ್ನು ಹನ್ನೊಂದು ಮಂದಿ ಶಿಷ್ಯರ ಮಾತು. ಅಕ್ಕಾ, ಹಲಗೆಯನ್ನು ವಾಪಸ್ಸು ತೆಗೆದುಕೊಳ್ಳುತ್ತಾರೇನು, ಸ್ವಲ್ಪ ವಿಚಾರಿಸು. ಮೊದಲ ದಿನದ 'ನಮಸ್ಕಾರ' ದಾಟಿ ನನಗೆ ಮುಂದೆ ಬರುವುದಿಲ್ಲ. ಆ ತಾಣದ ಒಂದೊಂದು ಟ್ಯಾಗನ್ನೂ ಬರೆದವನು ದರ್ಜಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ತನ್ನದನ್ನು ಬದಿಗಿಟ್ಟು. ಅವತ್ತು ಸ್ಟೂಲಿನ ಮೇಲೆ ಅಷ್ಟು ನಕ್ಕದ್ದು ಅದಕ್ಕೇ. "ಯಜಮಾನ್ರೇ, ನನಗೆ ಕೋಣೆ ಸಿಗಬಾರ್ದು ಅಂತ ನನ್ನ ಕೈಲೇ ಹೊಲಿಸಿದ್ರಲ್ಲ!" ಎಂದಿದ್ದ, ನಿನಗೆ ಬರೆಯದೆ ಬಿಟ್ಟಿದ್ದೆ. ಅವನನ್ನೇ ಕೇಳಿದ್ದೇನೆ, ಹದಿನೈದಕ್ಕೆ ಬಂದು ಪಾಠ ಮಾಡುತ್ತಾನಂತೆ. ನಾನು ಹಿಂದಿನ ಬೆಂಚಿನಲ್ಲಿ ಹನ್ನೆರಡನೆಯವನಾಗಿ ಕೂರುತ್ತೇನೆ.

ಇಡೀ ತಾಣದಲ್ಲಿ ನಾನೊಬ್ಬನೇ, ಯಾರ ಹಂಗಿಲ್ಲದೆ, ಸ್ವಂತ ಕೈಯಿಂದ ಮಾಡಿದ ಕೆಲಸ ಆ ನಲವತ್ತು ಚಿತ್ರಗಳು ಮಾತ್ರ.

ನಿನ್ನ ತಮ್ಮ